ಇಂಗ್ಲಿಷಿನ ‘ಜಂಪ್’ ಫಿನ್ನಿಶ್‌ನಲ್ಲಿ ಹೇಗೆ? ಜಿಗಿತದ ಪದಗಳ ಅನುವಾದಕ್ಕೆ ಸಮಗ್ರ ಮಾರ್ಗದರ್ಶಿ

‘ದ ಬಾಯ್ ಜಂಪ್ಡ್ ಆನ್ ದ ಬೆಡ್.’ ಈ ಪುಟ್ಟ ಇಂಗ್ಲಿಷ್ ವಾಕ್ಯವನ್ನು ಫಿನ್ನಿಶ್‌ಗೆ ತರಬೇಕೆಂದರೆ ಮೊದಲು ಒಂದು ವಿಷಯ ಗೊತ್ತಾಗಬೇಕು. ಹುಡುಗ ನೆಲದಿಂದ ಮಂಚದ ಮೇಲಕ್ಕೆ ಒಂದೇ ಸಲ ಹಾರಿದನೋ, ಮಂಚದ ಮೇಲೆಯೇ ನಿಂತು ಮೇಲಿಂದ ಮೇಲೆ ಹಾರುತ್ತಿದ್ದನೋ? ಮೊದಲನೆಯದಾದರೆ ‘ಪೊಯ್ಕ ಹ್ಯುಪ್ಪ್ಯಾಸಿ ಸ್ಯಾಂಗ್ಯುಲ್ಲೆ’. ಎರಡನೆಯದಾದರೆ ‘ಪೊಯ್ಕ ಹ್ಯುಪ್ಪಿ ಸ್ಯಾಂಗ್ಯುಲ್ಲ್ಯಾ’. ‘ಪೊಯ್ಕ’ ಎಂದರೆ ಹುಡುಗ. ಅದೊಂದು ಬಿಟ್ಟು ಕ್ರಿಯಾಪದವೂ ಬದಲಾಯಿತು, ಮಂಚಕ್ಕೆ ಅಂಟಿದ ಪ್ರತ್ಯಯವೂ ಬದಲಾಯಿತು. ಇಂಗ್ಲಿಷ್ ವಾಕ್ಯ ಮುಚ್ಚಿಟ್ಟುಕೊಂಡದ್ದನ್ನು ಫಿನ್ನಿಶ್ ಬಾಯಿಬಿಟ್ಟು ಹೇಳಲೇಬೇಕು.

ಹೆಲ್ಸಿಂಕಿ, ಎಸ್ಪೂ ಕಡೆ ಕೆಲಸಕ್ಕೆ ಹೋಗಿ ಫಿನ್ನಿಶ್ ಕಲಿಯುತ್ತಿರುವ ಕನ್ನಡಿಗರಿಗೂ, ಇಂಗ್ಲಿಷ್‌ನಿಂದ ಫಿನ್ನಿಶ್‌ಗೆ ಅನುವಾದ ಮಾಡಲು ಹೊರಟವರಿಗೂ ಈ ಬರಹ. ಇಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ಜಿಗಿತದ ವಿಷಯದಲ್ಲಿ ಇಂಗ್ಲಿಷ್‌ನಿಂದ ನೇರವಾಗಿ ಫಿನ್ನಿಶ್‌ಗೆ ಹೋಗಬೇಡಿ, ಕನ್ನಡದ ಮೂಲಕ ಹೋಗಿ. ಹಾರು, ಜಿಗಿ, ನೆಗೆ, ಕುಪ್ಪಳಿಸು, ಪುಟಿ, ಚಿಮ್ಮು, ಎಗರು, ಧುಮುಕು, ಬೆಚ್ಚಿಬೀಳು ಎಂದು ನಾವು ಬೇರೆ ಬೇರೆ ಮಾಡುವುದನ್ನೇ ಫಿನ್ನಿಶ್ ಕೂಡ ಬೇರೆ ಬೇರೆ ಮಾಡುತ್ತದೆ. ಎಲ್ಲವೂ ಒಂದಕ್ಕೊಂದು ಸರಿಹೊಂದುವುದಿಲ್ಲ, ಆದರೂ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮೊದಲು ಅಕ್ಷರದ ಮಾತು

ಫಿನ್ನಿಶ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಅದಕ್ಕೆ ಕೆಲವು ಗುರುತುಗಳು ಬೇಕು. ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ‘ಎ’ ಅಕ್ಷರಕ್ಕೆ ‘ಬ್ಯಾಂಕ್’ ಎನ್ನುವಾಗ ಬರುವ ಸ್ವರ, ಆದರೆ ಹ್ರಸ್ವ. ಅದನ್ನು ‘್ಯಾ’ ಎಂದು ಬರೆದಿದ್ದೇನೆ, ಪದದ ಮೊದಲಲ್ಲೋ ಇನ್ನೊಂದು ಸ್ವರದ ಪಕ್ಕದಲ್ಲೋ ಬಂದರೆ ‘ಆ್ಯ’ ಎಂದು. ಅದು ದೀರ್ಘವಾದಾಗ ಮುಂದೆ ‘ಽ’ ಹಾಕಿದ್ದೇನೆ. ‘ವೈ’ ಅಕ್ಷರ ಫಿನ್ನಿಶ್‌ನಲ್ಲಿ ಸ್ವರ: ತುಟಿಯನ್ನು ‘ಉ’ ಎನ್ನುವಂತೆ ಗುಂಡಗೆ ಮಾಡಿ ‘ಇ’ ಎನ್ನಿ. ಇಲ್ಲಿ ಅದು ‘್ಯು’. ಚುಕ್ಕೆ ಹೊತ್ತ ‘ಓ’ ಎಂದರೆ ಗುಂಡಗಿನ ತುಟಿಯಲ್ಲಿ ‘ಎ’. ಅದು ‘್ಯೊ’. ‘ಜೆ’ ಅಕ್ಷರವನ್ನು ಯಕಾರವಾಗಿ ಓದುತ್ತಾರೆ. ಮೇಲಿನ ‘ಸ್ಯಾಂಗ್ಯುಲ್ಲೆ’ಯಲ್ಲಿ ಬರೆಯುವಾಗ ಗಕಾರವಿದ್ದರೂ ಉಚ್ಚಾರದಲ್ಲಿ ಕೇಳುವುದು ‘ಙ್ಙ’, ವರ್ಣಮಾಲೆಯಲ್ಲಿ ಕಲಿತು ನಾವು ಅಪರೂಪಕ್ಕೆ ಬಳಸುವ ಅಕ್ಷರ.

ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ. ಹ್ರಸ್ವ, ದೀರ್ಘ, ಒತ್ತಕ್ಷರ ತಪ್ಪಿದರೆ ಅರ್ಥವೇ ತಪ್ಪುತ್ತದೆ. ‘ಕುಕ’ ಎಂದರೆ ಯಾರು, ‘ಕುಕ್ಕ’ ಎಂದರೆ ಹೂವು. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಬಲ್ಲ ಕನ್ನಡಿಗರ ಕಿವಿಗೆ ಇದು ಕಷ್ಟವಲ್ಲ. ಚುಕ್ಕೆ ಬಿಟ್ಟುಬಿಡುವುದೂ ಹಾಗೇ ಅಪಾಯ: ‘ಸ್ಯಾಽ’ ಎಂದರೆ ಹವೆ, ಚುಕ್ಕೆಯಿಲ್ಲದ ‘ಸಾ’ ಎಂದರೆ ಸಿಗುತ್ತದೆ ಅಥವಾ ಮಾಡಬಹುದು. ಅನುವಾದಕ್ಕೆ ಕೂರುವ ಮುನ್ನ ಫಿನ್ನಿಶ್ ಕೀಲಿಮಣೆ ಹಾಕಿಕೊಳ್ಳಿ. ನಮ್ಮ ಮುಖ್ಯ ಕ್ರಿಯಾಪದವನ್ನು ಟೈಪ್ ಮಾಡುವುದು ಹೀಗೆ: ಎಚ್, ವೈ, ಪಿ, ಚುಕ್ಕೆಯ ಎ, ಟಿ, ಚುಕ್ಕೆಯ ಎ. ಓದುವುದು ‘ಹ್ಯುಪ್ಯಾತ್ಯಾ’.

ಹೆಜ್ಜೆ 1: ಪದ ಬಿಟ್ಟು ಚಲನೆ ನೋಡಿ

ಇಂಗ್ಲಿಷ್ ವಾಕ್ಯ ಎದುರಿಗಿಟ್ಟುಕೊಂಡು ಮೊದಲು ಅದರಲ್ಲಿ ಮೈ ಅಲುಗುತ್ತದೆಯೇ ಎಂದು ಕೇಳಿ. ‘ಜಂಪ್’ ಎಂದು ಬರೆದಿದ್ದರೂ ಯಾರೂ ಜಿಗಿಯದ ವಾಕ್ಯಗಳೇ ಬೇಕಾದಷ್ಟಿವೆ: ಬೆಲೆ ಏರುವುದು, ಸಾಲು ಮುರಿದು ನುಗ್ಗುವುದು, ಅವಸರದ ತೀರ್ಮಾನಕ್ಕೆ ಬರುವುದು. ಅವು ಹೆಜ್ಜೆ 7ಕ್ಕೆ. ನಿಜವಾಗಿ ಮೈ ಅಲುಗುತ್ತಿದ್ದರೆ ಆ ನೋಟವನ್ನು ಕನ್ನಡದಲ್ಲಿ ಒಂದು ಮಾತಿನಲ್ಲಿ ಹೇಳಿಕೊಳ್ಳಿ. ಎಷ್ಟು ಸಲ? ಎಲ್ಲಿಂದ ಎಲ್ಲಿಗೆ? ಒಂದು ಕಾಲೋ ಎರಡು ಕಾಲೋ? ಬೇಕೆಂದು ಮಾಡಿದ್ದೋ, ತಾನಾಗಿ ಆದದ್ದೋ? ಇವಿಷ್ಟಕ್ಕೆ ಉತ್ತರ ಸಿಕ್ಕರೆ ಪದ ತಾನೇ ಬರುತ್ತದೆ.

ಒಂದು ಎಚ್ಚರಿಕೆ. ಕನ್ನಡದ ‘ಹಾರು’ವಿಗೆ ಎರಡು ಮುಖ: ಹಕ್ಕಿಯೂ ಹಾರುತ್ತದೆ, ಗೋಡೆಯನ್ನೂ ಹಾರುತ್ತೇವೆ. ಫಿನ್ನಿಶ್‌ನಲ್ಲಿ ಹಕ್ಕಿಯ ಹಾರಾಟಕ್ಕೆ ‘ಲೆಂತ್ಯಾಽ’ ಎಂಬ ಬೇರೆಯೇ ಕ್ರಿಯಾಪದವಿದೆ. ‘ಬೇಲಿ ಹಾರಿದ’ ಎನ್ನುವಲ್ಲಿ ಅದನ್ನು ಬಳಸಿದರೆ ಮನುಷ್ಯನಿಗೆ ರೆಕ್ಕೆ ಬರುತ್ತದೆ. ಕನ್ನಡದ ಮೂಲಕ ಹೋಗುವಾಗ ‘ಹಾರು’ ಬದಲು ‘ಜಿಗಿ’ ಎಂದುಕೊಳ್ಳುವುದು ಕ್ಷೇಮ.

ಹೆಜ್ಜೆ 2: ಎಷ್ಟು ಸಲ ಎಂದು ತೀರ್ಮಾನಿಸಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಬೇರೆಲ್ಲಿ ತಪ್ಪಿದರೂ ಓದುಗರು ಅರ್ಥ ಮಾಡಿಕೊಂಡಾರು, ಇಲ್ಲಿ ತಪ್ಪಿದರೆ ಕಣ್ಣೆದುರಿನ ಚಿತ್ರವೇ ಬೇರೆಯಾಗುತ್ತದೆ.

ಒಂದೇ ಜಿಗಿತಕ್ಕೆ ‘ಹ್ಯುಪ್ಯಾತ್ಯಾ’. ನಿಂತಲ್ಲಿಂದ ಎದ್ದು ಇನ್ನೊಂದು ಕಡೆ ಇಳಿದಾಯಿತು, ಕೆಲಸ ಮುಗಿಯಿತು. ‘ಬೆಕ್ಕು ಮಂಚದ ಮೇಲಕ್ಕೆ ಹಾರಿತು’: ‘ಕಿಸ್ಸ ಹ್ಯುಪ್ಪ್ಯಾಸಿ ಸ್ಯಾಂಗ್ಯುಲ್ಲೆ’.

ಮತ್ತೆ ಮತ್ತೆ ಜಿಗಿದರೆ ‘ಹ್ಯುಪ್ಪಿಆ್ಯ’. ಶರತ್ಕಾಲದ ಮಳೆಯಲ್ಲಿ ಫಿನ್‌ಲೆಂಡಿನ ಶಿಶುವಿಹಾರದ ಅಂಗಳ ನೋಡಿದವರಿಗೆ ಈ ಕ್ರಿಯಾಪದವನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳೆಲ್ಲ ‘ಕುರಹೌಸುತ್’ ಎಂಬ ರಬ್ಬರಿನಂಥ ಕೆಸರುಚಡ್ಡಿ ಏರಿಸಿ, ಗಂಬೂಟು ಹಾಕಿ, ನೀರು ನಿಂತ ಗುಂಡಿಗಳಲ್ಲಿ ಪಚಪಚ ಜಿಗಿಯುತ್ತಿರುತ್ತಾರೆ: ‘ಲಪ್ಸೆತ್ ಹ್ಯುಪ್ಪಿವ್ಯಾತ್ ಲ್ಯಾತ್ಯಾಕ್ಯೊಯ್ಸ್ಸ್ಯಾ’. ಇಲ್ಲಿ ‘ಹ್ಯುಪ್ಯಾತ್ಯಾ’ದ ರೂಪ ಹಾಕಿದರೆ ಎಲ್ಲ ಮಕ್ಕಳೂ ಒಂದೊಂದು ಸಲ ಹಾರಿ ಸುಮ್ಮನಾದಂತಾಗುತ್ತದೆ.

ಆಡುತ್ತಾ, ಹಗುರವಾಗಿ, ಎಲ್ಲಿಗೆಂದು ಇಲ್ಲದೆ ಕುಪ್ಪಳಿಸುತ್ತಾ ಹೋಗುವುದು ‘ಹ್ಯುಪೆಲ್ಲ್ಯಾ’. ಇಂಗ್ಲಿಷಿನಲ್ಲಿ ಹುಡುಗಿ ದಾರಿಯುದ್ದಕ್ಕೂ ‘ಸ್ಕಿಪ್’ ಮಾಡುತ್ತಾ ಹೋದಳು ಎಂದಿದ್ದರೆ ಇದೇ ಬೇಕು: ‘ತ್ಯುತ್ತ್ಯೊ ಹ್ಯುಪ್ಪೆಲಿ’. ‘ಹ್ಯುಪ್ಪಿಆ್ಯ’ದಲ್ಲಿ ಕಾಲಿನ ಬಲ ಹೆಚ್ಚು, ‘ಹ್ಯುಪೆಲ್ಲ್ಯಾ’ದಲ್ಲಿ ಮನಸ್ಸಿನ ಹಗುರ ಹೆಚ್ಚು.

ತಟ್ಟನೆ ಒಂದು ಚಿಕ್ಕ ನೆಗೆತಕ್ಕೆ ‘ಹ್ಯುಪ್ಯಾಹ್ತ್ಯಾಽ’. ಕೊನೆಯ ‘ಆ್ಯಹ್ತ್ಯಾಽ’ ಎಂಬ ಬಾಲವನ್ನು ಗಮನಿಸಿ. ಕ್ಷಣಮಾತ್ರದ ಕ್ರಿಯೆಗೆ ಫಿನ್ನಿಶ್ ಹಚ್ಚುವ ಪ್ರತ್ಯಯ ಅದು. ಸಂತೋಷಕ್ಕೆ ಎದೆ ಕುಣಿಯಿತು ಎನ್ನಲು ‘ಸ್ಯುದ್ಯಾನ್ ಹ್ಯುಪ್ಯಾಹ್ತಿ ಇಲೊಸ್ತ’. ಇನ್ನೊಬ್ಬರನ್ನು ಜಿಗಿಸುವುದಕ್ಕೂ ಪದವುಂಟು: ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಣಿಸುವುದು ‘ಹ್ಯುಪಿತ್ತ್ಯಾಽ’. ಕನ್ನಡದಲ್ಲಿ ಕುಣಿ, ಕುಣಿಸು ಎಂದು ಪ್ರತ್ಯಯ ಸೇರಿಸುತ್ತೇವಲ್ಲ, ಅದೇ ದಾರಿ.

ಇಲ್ಲೊಂದು ಸೂಕ್ಷ್ಮವಿದೆ. ‘ಮೂರು ಸಲ ಜಿಗಿದ’ ಎಂದಿದ್ದರೆ ಹಲವು ಸಲ ಆಯಿತಲ್ಲ, ‘ಹ್ಯುಪ್ಪಿಆ್ಯ’ ಬರಬೇಕಲ್ಲವೇ ಎನ್ನಿಸುತ್ತದೆ. ಆದರೆ ಲೆಕ್ಕ ಹಾಕಿದ ಕೂಡಲೇ ಪ್ರತಿ ಜಿಗಿತವೂ ಬಿಡಿಬಿಡಿಯಾಗಿ ನಿಲ್ಲುತ್ತದೆ, ಆಗ ಸಹಜವಾಗಿ ಬರುವುದು ‘ಹ್ಯುಪ್ಪ್ಯಾಸಿ ಕೊಲ್ಮೆ ಕೆರ್ತಾ’. ಲೆಕ್ಕಕ್ಕೆ ಸಿಗದೆ ಒಂದಾದ ಮೇಲೊಂದು ಹರಿಯುತ್ತಿದ್ದರೆ ಮಾತ್ರ ‘ಹ್ಯುಪ್ಪಿಆ್ಯ’.

ಇಂಗ್ಲಿಷಿನ ‘ವಾಸ್ ಜಂಪಿಂಗ್’ ಕೂಡ ಹೀಗೇ ಕಾಡುತ್ತದೆ. ಹೆಚ್ಚಿನ ಕಡೆ ಅದು ಮತ್ತೆ ಮತ್ತೆ ಜಿಗಿಯುತ್ತಿದ್ದ ಎಂದೇ ಆಗಿರುತ್ತದೆ, ‘ಹ್ಯುಪ್ಪಿ’ ಸಾಕು. ಜಿಗಿಯುವ ಹಂತದಲ್ಲಿದ್ದ, ಇನ್ನೇನು ಕಾಲೆತ್ತಬೇಕು ಎಂಬ ಅರ್ಥವಿದ್ದರೆ ‘ಒಲಿ ಹ್ಯುಪ್ಪ್ಯಾಽಮ್ಯಾಸ್ಸ್ಯಾ’.

ಹೆಜ್ಜೆ 3: ಪಕಾರ ಒಂದೋ ಎರಡೋ?

ಇಲ್ಲಿ ಕಲಿಯುವವರೆಲ್ಲ ಒಮ್ಮೆ ಎಡವುತ್ತಾರೆ. ಫಿನ್ನಿಶ್‌ನಲ್ಲಿ ಪದರೂಪ ಬದಲಾದಂತೆ ‘ಪ್ಪ’ ಕರಗಿ ‘ಪ’ ಆಗುತ್ತದೆ. ವ್ಯಾಕರಣದಲ್ಲಿ ಇದಕ್ಕೆ ‘ಅಸ್ತೆವಯ್ಹ್ತೆಲು’ ಎನ್ನುತ್ತಾರೆ. ತೊಂದರೆ ಏನೆಂದರೆ, ನಮ್ಮ ಎರಡು ಮುಖ್ಯ ಕ್ರಿಯಾಪದಗಳಲ್ಲಿ ಇದು ತದ್ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ.

‘ಹ್ಯುಪ್ಯಾತ್ಯಾ’ ಎಂಬ ಮೂಲರೂಪದಲ್ಲಿ ಒಂದೇ ಪಕಾರ. ‘ನಾನು ಜಿಗಿಯುತ್ತೇನೆ’ ಎಂದಾಗ ಎರಡು: ‘ಹ್ಯುಪ್ಪ್ಯಾಽನ್’. ‘ಜಿಗಿದೆ’ ಎಂದಾಗಲೂ ಎರಡು: ‘ಹ್ಯುಪ್ಪ್ಯಾಸಿನ್’. ‘ಜಿಗಿದಿಲ್ಲ’ ಎನ್ನಲು ಬೇಕಾದ ರೂಪದಲ್ಲಿ ಮತ್ತೆ ಒಂದು: ‘ಹ್ಯುಪ್ಯಾನ್ನ್ಯುತ್’.

‘ಹ್ಯುಪ್ಪಿಆ್ಯ’ದಲ್ಲಿ ಮೂಲರೂಪಕ್ಕೆ ಎರಡು ಪಕಾರ, ‘ನಾನು’ ಬಂದ ಕೂಡಲೇ ಒಂದು: ‘ಹ್ಯುಪಿನ್’. ಈ ‘ಹ್ಯುಪಿನ್’ ವರ್ತಮಾನವೂ ಹೌದು, ಭೂತವೂ ಹೌದು. ‘ಅವರು’ ಎಂಬುದಕ್ಕೆ ಬರುವ ‘ಹ್ಯುಪ್ಪಿವ್ಯಾತ್’ ಕೂಡ ಎರಡೂ ಕಾಲಕ್ಕೆ ಒಂದೇ. ಅನುವಾದದಲ್ಲಿ ಕಾಲ ಸ್ಪಷ್ಟವಾಗಬೇಕಾದರೆ ‘ಎಯ್ಲೆನ್’ ಅಂದರೆ ನಿನ್ನೆ ಎಂಬಂಥ ಒಂದು ಪದ ವಾಕ್ಯದಲ್ಲಿ ಇರುವುದು ಒಳ್ಳೆಯದು. ‘ಅವನು’ ಅಥವಾ ‘ಅವಳು’ ಬಂದಾಗ ಮಾತ್ರ ಸ್ವರದ ಉದ್ದವೇ ಕಾಲ ಹೇಳುತ್ತದೆ: ‘ಹ್ಯುಪ್ಪೀ’ ಈಗ, ‘ಹ್ಯುಪ್ಪಿ’ ಆಗ.

ಅಂದಹಾಗೆ ಅವನಿಗೂ ಅವಳಿಗೂ ಫಿನ್ನಿಶ್‌ನಲ್ಲಿ ಒಂದೇ ಸರ್ವನಾಮ, ‘ಹ್ಯಾನ್’. ಇಂಗ್ಲಿಷಿನ ‘ಹೀ’, ‘ಶೀ’ ಎರಡೂ ಒಂದೇ ಪ್ಯಾರಾದಲ್ಲಿ ಜಿಗಿಯುತ್ತಿದ್ದರೆ ಯಾರು ಜಿಗಿದರೆಂದು ಗೊತ್ತಾಗಲು ಹೆಸರನ್ನೇ ಬರೆಯಬೇಕಾಗುತ್ತದೆ.

ಆಜ್ಞೆಗೆ ‘ಹ್ಯುಪ್ಪ್ಯಾಽ’, ಹಲವರಿಗೆ ಅಥವಾ ಗೌರವಕ್ಕೆ ‘ಹ್ಯುಪ್ಯಾತ್ಕ್ಯಾಽ’. ಬೇಡವೆನ್ನಲು ಕ್ರಿಯಾಪದಕ್ಕೆ ಮೊದಲು ‘ಆ್ಯಲ್ಯಾ’ ಪದ ಬರುತ್ತದೆ: ‘ಆ್ಯಲ್ಯಾ ಹ್ಯುಪ್ಪ್ಯಾಽ’ ಎಂದರೆ ಹಾರಬೇಡ, ‘ಆ್ಯಲ್ಯಾ ಹ್ಯುಪಿ’ ಎಂದರೆ ಹಾಗೆ ಹಾರಾಡುತ್ತಿರಬೇಡ. ಈಜುಕೊಳದ ಫಲಕಕ್ಕೆ ಇವೆರಡೂ ಬೇಡ, ಅಲ್ಲಿ ನಾಮಪದ ಬರುತ್ತದೆ: ‘ಹ್ಯುಪ್ಪ್ಯಾಽಮಿನೆನ್ ಕಿಯೆಲ್ಲೆತ್ತ್ಯು’, ಜಿಗಿಯುವುದನ್ನು ನಿಷೇಧಿಸಲಾಗಿದೆ.

ಹೆಜ್ಜೆ 4: ಎಲ್ಲಿಂದ, ಎಲ್ಲಿಗೆ

ಇಂಗ್ಲಿಷಿನ ‘ಇನ್’, ‘ಆನ್’, ‘ಆಫ್’, ‘ಇಂಟು’ಗಳಿಗೆ ಫಿನ್ನಿಶ್‌ನಲ್ಲಿ ಪದವಿಲ್ಲ, ಪ್ರತ್ಯಯವಿದೆ. ಮನೆಗೆ, ಮನೆಯಲ್ಲಿ, ಮನೆಯಿಂದ ಎನ್ನುವ ನಮಗೆ ಇದು ಹೊಸತಲ್ಲ. ಹೊಸತು ಒಂದೇ: ಫಿನ್ನಿಶ್ ಒಳಗನ್ನೂ ಮೇಲನ್ನೂ ಬೇರೆ ಮಾಡಿ ಒಟ್ಟು ಆರು ಪ್ರತ್ಯಯ ಇಟ್ಟುಕೊಂಡಿದೆ.

ಒಳಗಿನದಕ್ಕೆ: ‘ವೆತೇನ್’ ನೀರಿಗೆ, ‘ವೆದೆಸ್ಸ್ಯಾ’ ನೀರಿನಲ್ಲಿ, ‘ವೆದೆಸ್ತ್ಯಾ’ ನೀರಿನಿಂದ. ಮೇಲಿನದಕ್ಕೆ: ‘ಕತೊಲ್ಲೆ’ ಛಾವಣಿಯ ಮೇಲಕ್ಕೆ, ‘ಕತೊಲ್ಲ’ ಛಾವಣಿಯ ಮೇಲೆ, ‘ಕತೊಲ್ತ’ ಛಾವಣಿಯ ಮೇಲಿಂದ. ಹಾಗಾಗಿ ‘ಜಂಪ್ಡ್ ಇನ್ ದ ವಾಟರ್’ ಎಂದು ಇಂಗ್ಲಿಷಿನಲ್ಲಿದ್ದರೆ ನೀವು ಆಯ್ದುಕೊಳ್ಳಲೇಬೇಕು. ನೀರಿಗೆ ಧುಮುಕಿದರೆ ‘ಹ್ಯುಪ್ಪ್ಯಾಸಿ ವೆತೇನ್’, ನೀರಿನಲ್ಲೇ ನಿಂತು ಜಿಗಿದಾಡಿದರೆ ‘ಹ್ಯುಪ್ಪಿ ವೆದೆಸ್ಸ್ಯಾ’. ರೈಲಿನಿಂದ ಜಿಗಿದದ್ದು ‘ಯುನಸ್ತ’, ಏಕೆಂದರೆ ರೈಲಿನ ಒಳಗಿಂದ ಬಂದದ್ದು. ರೈಲಿನ ಚಾವಣಿಯಿಂದ ಜಿಗಿಯುವ ಸಿನಿಮಾ ನಾಯಕನಿಗೆ ‘ಯುನನ್ ಕತೊಲ್ತ’.

‘ಓವರ್’ ಬಂದರೆ ಪ್ರತ್ಯಯ ಸಾಲದು. ದಾಟುವ ವಸ್ತುವಿಗೆ ಷಷ್ಠಿ ಹಚ್ಚಿ ಅದರ ಮುಂದೆ ‘ಯುಲಿ’ ಎಂಬ ಪದ ಇಡಬೇಕು. ಬೇಲಿ ‘ಅಯ್ತ’, ಬೇಲಿಯ ‘ಅಯ್ದನ್’, ಬೇಲಿಯ ಮೇಲಿಂದ ದಾಟಿ ‘ಅಯ್ದನ್ ಯುಲಿ’. ಕನ್ನಡದಲ್ಲೂ ‘ಬೇಲಿಯ ಮೇಲಿಂದ’ ಎಂದೇ ಅಲ್ಲವೇ ಕ್ರಮ? ಇಂಗ್ಲಿಷಿನ ಕ್ರಮ ತಲೆಯಲ್ಲಿಟ್ಟುಕೊಂಡರೆ ಇಲ್ಲಿ ತಿರುವುಮುರುವಾಗುತ್ತದೆ.

ಸ್ವರಗಳ ಹೊಂದಾಣಿಕೆಯೂ ನೆನಪಿರಲಿ. ‘ಹ್ಯುಪ್’ ಎಂದು ಶುರುವಾಗುವ ಪದಗಳಿಗೆ ಚುಕ್ಕೆ ಹೊತ್ತ ಸ್ವರದ ಪ್ರತ್ಯಯಗಳೇ ಹತ್ತುತ್ತವೆ. ಮುಂದೆ ಬರುವ ‘ಲೊಯ್ಕ್’, ‘ಪೊಂಪ್’, ‘ಪೊನ್’ ಪದಗಳಿಗೆ ಬರಿಯ ಸ್ವರದವು.

ಹೆಜ್ಜೆ 5: ‘ಹ್ಯುಪ್’ ಬಿಟ್ಟು ಹೊರಗೆ ಬನ್ನಿ

ನಿಘಂಟಿನಲ್ಲಿ ಮೊದಲು ಸಿಗುವುದು ‘ಹ್ಯುಪ್ಯಾತ್ಯಾ’. ಅದನ್ನೇ ಎಲ್ಲ ಕಡೆ ತುಂಬಿದ ಅನುವಾದ ವ್ಯಾಕರಣದ ಲೆಕ್ಕದಲ್ಲಿ ಸರಿಯಿರಬಹುದು, ಓದಲು ಸಪ್ಪೆ.

ಉದ್ದಕ್ಕೆ, ಬಲವಾಗಿ, ಜಿಂಕೆ ನೆಗೆದಂತೆ ನೆಗೆಯುವುದು ‘ಲೊಯ್ಕತ’. ಇಂಗ್ಲಿಷಿನ ‘ಲೀಪ್’, ‘ಬೌಂಡ್’ಗಳಿಗೆ ಇದು ಹತ್ತಿರ. ‘ನಾನು’ ಬಂದರೆ ‘ಲೊಯ್ಕ್ಕಾನ್’, ಮತ್ತೆ ಮತ್ತೆ ನೆಗೆದರೆ ‘ಲೊಯ್ಕ್ಕಿಅ’, ನಾಮಪದ ‘ಲೊಯ್ಕ್ಕ’. ಇದಕ್ಕೆ ರಾಜಕೀಯದ ಬಣ್ಣವೂ ಇದೆ. ಪಕ್ಷ ಬಿಟ್ಟು ಪಕ್ಷ ಸೇರುವುದೂ, ದೇಶ ಬಿಟ್ಟು ಎದುರಾಳಿ ದೇಶ ಸೇರುವುದೂ ‘ಲೊಯ್ಕತ’ವೇ. ಹಾಗೆ ಹೋದವರು ‘ಲೊಯ್ಕ್ಕರಿ’. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದೆ ಕದ್ದು ಗಡಿ ದಾಟಿ ಸೋವಿಯತ್ ಒಕ್ಕೂಟಕ್ಕೆ ಹೋದ ಫಿನ್ನರನ್ನು ಇತಿಹಾಸದಲ್ಲಿ ಇದೇ ಹೆಸರಿನಿಂದ ಕರೆಯುತ್ತಾರೆ. ಆದ್ದರಿಂದ ಗಡಿ, ಪಕ್ಷ, ಬಣಗಳ ಮಾತು ಬರುವ ಬರಹದಲ್ಲಿ ಈ ಪದವನ್ನು ಸುಮ್ಮನೆ ಅಲಂಕಾರಕ್ಕೆ ಬಳಸಬೇಡಿ, ಓದುಗರು ಬೇರೆ ಅರ್ಥ ಹಿಡಿಯುತ್ತಾರೆ. ಒಳ್ಳೆಯ ಅರ್ಥವೂ ಇದಕ್ಕಿದೆ: ಡಿಜಿಟಲ್ ವ್ಯವಸ್ಥೆಗೆ ಒಮ್ಮೆಲೇ ಸಾಗುವುದನ್ನು ‘ದಿಗಿಲೊಯ್ಕ್ಕ’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ಪದ.

ಚೆಂಡು ಪುಟಿಯುವುದು ‘ಪೊಂಪ್ಪಿಅ’, ಒಮ್ಮೆ ಪುಟಿದರೆ ‘ಪೊಂಪತ’, ಕೈಯಿಂದ ಪುಟಿಸಿದರೆ ‘ಪೊಂಪುತ್ತಾ’. ಮಕ್ಕಳ ಹುಟ್ಟುಹಬ್ಬಗಳಲ್ಲಿ ಗಾಳಿ ತುಂಬಿ ನಿಲ್ಲಿಸುವ ಕೋಟೆ ‘ಪೊಂಪ್ಪುಲಿನ್ನ’, ‘ಲಿನ್ನ’ ಎಂದರೆ ಕೋಟೆ. ಗೋಡೆಗೆ ಬಡಿದು ಹಿಂದಕ್ಕೆ ಚಿಮ್ಮಿದರೆ ‘ಕಿಮ್ಮೊತ’.

ಸ್ಪ್ರಿಂಗಿನಂತೆ ಒಮ್ಮೆಲೇ ಮೇಲೆದ್ದರೆ ‘ಪೊನ್ನಹ್ತಾ’. ಕುರ್ಚಿಯಿಂದ ಚಂಗನೆ ಎದ್ದು ನಿಂತ ಎನ್ನುವಲ್ಲಿ ಇದು ಚೆನ್ನಾಗಿ ಕೂರುತ್ತದೆ. ಕಂಪ್ಯೂಟರಿನಲ್ಲಿ ಫಕ್ಕನೆ ಎದ್ದುಬರುವ ಕಿಟಕಿ ‘ಪೊನ್ನಹ್ದುಸಿಕ್ಕುನ’. ಅಕ್ಕಪಕ್ಕದ ‘ಪೊನ್ನಿಸ್ತಾ’ ಬೇರೆ: ಅದು ನೆಲವನ್ನು ಒದ್ದು ಮೈಯನ್ನು ಮೇಲೆತ್ತುವ ಪ್ರಯತ್ನ. ಕ್ರೀಡಾ ವರದಿಗಳಲ್ಲಿ ಜಿಗಿತದ ಆ ಮೊದಲ ಕ್ಷಣವೇ ‘ಪೊನ್ನಿಸ್ತುಸ್’.

ಒಂಟಿಗಾಲಿನಲ್ಲಿ ಕುಂಟುತ್ತಾ ಜಿಗಿಯುವುದು ‘ಕಿಂಕತ’. ಇಂಗ್ಲಿಷಿನ ‘ಹಾಪ್’ ಒಂಟಿಗಾಲಿನದೋ ಮೊಲದ್ದೋ ನೋಡಿಕೊಳ್ಳಿ. ಮೊಲಕ್ಕೆ ‘ಹ್ಯುಪ್ಪಿಆ್ಯ’, ‘ಲೊಯ್ಕ್ಕಿಅ’ ನಡೆಯುತ್ತವೆ, ‘ಕಿಂಕತ’ ನಡೆಯದು. ನಮ್ಮ ಕುಂಟೆಬಿಲ್ಲೆಯನ್ನು ಫಿನ್ನಿಶ್ ಮಕ್ಕಳೂ ನೆಲದ ಮೇಲೆ ಮನೆ ಬರೆದು ಆಡುತ್ತಾರೆ. ಅದಕ್ಕೆ ‘ಹ್ಯುಪ್ಯಾತ್ಯಾ ರೂತುಅ’ ಎನ್ನುತ್ತಾರೆ, ‘ರೂತು’ ಎಂದರೆ ಚೌಕ. ಹಗ್ಗದಾಟದ ಹಗ್ಗ ‘ಹ್ಯುಪ್ಪ್ಯುನರು’, ಆಟ ‘ಹ್ಯುಪ್ಪಿಆ್ಯ ನರುಅ’.

ಬೆಚ್ಚಿಬಿದ್ದ ಎನ್ನುವಲ್ಲಿ ಇಂಗ್ಲಿಷ್ ‘ಜಂಪ್’ ಎನ್ನುತ್ತದೆ. ಫಿನ್ನಿಶ್‌ನಲ್ಲಿ ಅದು ಜಿಗಿತವಲ್ಲ, ‘ಸ್ಯಾಪ್ಸ್ಯಾಹ್ತ್ಯಾಽ’. ಕ್ಷಣಮಾತ್ರದ ಆ ಪ್ರತ್ಯಯ ಇಲ್ಲೂ ಬಂತು ನೋಡಿ.

ಹೆಜ್ಜೆ 6: ಕ್ರೀಡಾಂಗಣದ ಪದಗಳು

ಕ್ರೀಡೆಯ ಹೆಸರುಗಳನ್ನು ಸ್ವಂತವಾಗಿ ಕಟ್ಟಬೇಡಿ, ಎಲ್ಲವೂ ನಿಗದಿಯಾಗಿವೆ. ಉದ್ದ ಜಿಗಿತ ‘ಪಿತೂಸ್‌ಹ್ಯುಪ್ಪ್ಯು’, ಎತ್ತರ ಜಿಗಿತ ‘ಕೊರ್ಕೆಉಸ್‌ಹ್ಯುಪ್ಪ್ಯು’, ಕೋಲು ಜಿಗಿತ ‘ಸೆಯ್ವ್ಯಾಸ್‌ಹ್ಯುಪ್ಪ್ಯು’. ಸಮಾಸ ಪದಗಳನ್ನು ಇಂಗ್ಲಿಷಿನಂತೆ ಬಿಡಿಸಿ ಬರೆದರೆ ತಪ್ಪು, ಕೂಡಿಸಿಯೇ ಬರೆಯಬೇಕು. ತ್ರಿವಿಧ ಜಿಗಿತ ಮಾತ್ರ ‘ಹ್ಯುಪ್ಪ್ಯು’ ಬಿಟ್ಟು ‘ಕೊಲ್ಮಿಲೊಯ್ಕ್ಕ’ ಆಗಿದೆ. ಜಿಗಿಯುವವರೂ ಹಾಗೇ: ಉದ್ದ ಜಿಗಿತದವರು ‘ಹ್ಯುಪ್ಪ್ಯಾಽಯ್ಯಾ’, ತ್ರಿವಿಧದವರು ‘ಲೊಯ್ಕ್ಕಾಯ’. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಇದರಲ್ಲಿ ಚಿನ್ನ ಗೆದ್ದ ವಿಲ್ಹೊ ತೂಲೊಸ್ ‘ಕೊಲ್ಮಿಲೊಯ್ಕ್ಕಾಯ’.

ಕುದುರೆ ಅಡೆತಡೆ ಹಾರುವ ಸ್ಪರ್ಧೆಯ ಇಂಗ್ಲಿಷ್ ಹೆಸರಿನಲ್ಲಿ ಜಂಪ್ ಇದೆ, ಫಿನ್ನಿಶ್‌ನಲ್ಲಿ ಇಲ್ಲ: ‘ಎಸ್ತೆರತ್ಸಸ್ತುಸ್’, ಅಡೆತಡೆಯ ಸವಾರಿ. ಇಂಗ್ಲಿಷಿನ ‘ವಾಲ್ಟಿಂಗ್’ ಓಡುವ ಕುದುರೆಯ ಮೇಲಿನ ಕಸರತ್ತಾಗಿದ್ದರೆ ‘ವಿಕೆಲ್ಲ್ಯುಸ್’. ಎತ್ತರದ ಹಲಗೆಯಿಂದ ನೀರಿಗೆ ಹಾರುವ ‘ಡೈವಿಂಗ್’ ಸ್ಪರ್ಧೆ ‘ಉಯ್ಮಹ್ಯುಪ್ಯುತ್’. ನೀರಿನಡಿ ಮುಳುಗಿ ಈಜುವ ಡೈವಿಂಗ್ ಆದರೆ ‘ಸುಕೆಲ್ಲುಸ್’. ಇವೆರಡನ್ನು ಅದಲುಬದಲು ಮಾಡಿದರೆ ಕ್ರೀಡಾ ಸುದ್ದಿ ಹಾಳಾಗುತ್ತದೆ.

ಫಿನ್‌ಲೆಂಡಿನಲ್ಲಿ ಜಿಗಿತ ಎಂದರೆ ಹಲವರ ಕಣ್ಣಿಗೆ ಬರುವುದು ಹಿಮದ ಗುಡ್ಡ. ಸ್ಕೀ ಜಂಪಿಂಗಿಗೆ ‘ಮ್ಯಾಕಿಹ್ಯುಪ್ಪ್ಯು’ ಎಂದು ಹೆಸರು, ‘ಮ್ಯಾಕಿ’ ಎಂದರೆ ಗುಡ್ಡ. ಲಹ್ತಿ ನಗರದಲ್ಲಿ 1923ರಿಂದ ನಡೆಯುತ್ತಿರುವ ಸಲ್ಪೌಸ್‌ಸೆಲ್ಕ್ಯಾ ಕ್ರೀಡಾಕೂಟದ ಜಿಗಿತದ ಗೋಪುರಗಳು ದೂರದಿಂದಲೇ ಕಾಣುತ್ತವೆ. ಬೇಸಿಗೆಯಲ್ಲಿ ದೊಡ್ಡ ಗುಡ್ಡದ ಬುಡದಲ್ಲೇ ಈಜುಕೊಳ. ಮತ್ತಿ ನ್ಯುಕ್ಯಾನೆನ್ 1984ರ ಸರಾಯೆವೊದಲ್ಲಿ ಒಂದು, 1988ರ ಕ್ಯಾಲ್ಗರಿಯಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದದ್ದು ಈ ಕ್ರೀಡೆಯಲ್ಲಿ. ಇದರ ವರದಿ ಅನುವಾದಿಸುವಾಗ ಜಿಗಿತವನ್ನು ತುಂಡು ಮಾಡಿ ಹೆಸರಿಸುವ ಪದಗಳು ಬೇಕಾಗುತ್ತವೆ. ಜಾರಿ ವೇಗ ಪಡೆಯುವ ಇಳಿಜಾರು ‘ವೌಹ್ತಿಮ್ಯಾಕಿ’, ಜಿಗಿಯುವ ಅಂಚು ‘ಹ್ಯುಪ್ಪ್ಯುರಿನ್ ನೊಕ್ಕ’, ಅಲ್ಲಿ ಕಾಲೊದೆಯುವುದು ‘ಪೊನ್ನಿಸ್ತುಸ್’, ಗಾಳಿಯಲ್ಲಿರುವುದು ‘ಇಲ್ಮಲೆಂತೊ’, ನೆಲ ಮುಟ್ಟುವುದು ‘ಅಲಸ್ತುಲೊ’. ಇಲ್ಲಿ ‘ಲೆಂತೊ’ ಬಂತಲ್ಲ, ಅದು ಹಕ್ಕಿಯ ಹಾರಾಟದ ಪದವೇ. ಇನ್ನೂ ದೊಡ್ಡ ಗುಡ್ಡಗಳ ಸ್ಪರ್ಧೆಗೆ ‘ಲೆಂತೊಮ್ಯಾಕಿ’ ಎನ್ನುತ್ತಾರೆ. ನಮ್ಮ ‘ಹಾರು’ವಿನ ಎರಡು ಅರ್ಥಗಳೂ ಒಂದೇ ಕಡೆ ಸೇರುವ ಅಪರೂಪದ ಜಾಗ ಇದು.

ಕ್ರೀಡೆಯನ್ನು ಕ್ರಿಯಾಪದದೊಂದಿಗೆ ಹೇಳುವಾಗ ‘ಜಿಗಿತ’ ಎಂಬ ನಾಮಪದ ಬೇಡ: ‘ಹ್ಯುಪ್ಯಾತ್ಯಾ ಮ್ಯಾಕೆಆ್ಯ’ ಸ್ಕೀ ಜಿಗಿತ ಮಾಡು, ‘ಹ್ಯುಪ್ಯಾತ್ಯಾ ಪಿತೂತ್ತ’ ಉದ್ದ ಜಿಗಿತ ಮಾಡು. ಮತ್ತೆ ಮತ್ತೆ ಜಿಗಿಯುವ ಅಭ್ಯಾಸವೇ ಆದರೂ ಇಲ್ಲಿ ‘ಹ್ಯುಪ್ಪಿಆ್ಯ’ ಬರುವುದಿಲ್ಲ.

ಅಂಕಿಯ ಬಗ್ಗೆ ಒಂದು ಮಾತು. ವಿಲ್ಮಾ ಮುರ್ತೊ 2022ರಲ್ಲಿ ಮ್ಯೂನಿಕ್‌ನಲ್ಲಿ 4.85 ಮೀಟರ್ ಕೋಲು ಜಿಗಿದು ಯುರೋಪಿನ ಚಾಂಪಿಯನ್ ಆದರು. ಫಿನ್ನಿಶ್‌ನಲ್ಲಿ ಅದನ್ನು 4,85 ಎಂದು ಅಲ್ಪವಿರಾಮ ಹಾಕಿ ಬರೆಯಬೇಕು. ಮೂಲದಲ್ಲಿ ಅಡಿ, ಅಂಗುಲ ಇದ್ದರೆ ಮೀಟರಿಗೆ ತನ್ನಿ. ‘ಇಪ್ಪತ್ತು ಅಡಿಯ ನೆಗೆತ’ ಎಂಬುದು ‘ನೊಯ್ನ್ ಕೂದೆನ್ ಮೆತ್ರಿನ್ ಲೊಯ್ಕ್ಕ’, ಸುಮಾರು ಆರು ಮೀಟರಿನ ನೆಗೆತ.

ಹೆಜ್ಜೆ 7: ಯಾರೂ ಜಿಗಿಯದ ಜಿಗಿತಗಳು

ನುಡಿಗಟ್ಟುಗಳಲ್ಲಿ ಪದವನ್ನು ಪೂರ್ತಿ ಮರೆತು ಅರ್ಥ ಹಿಡಿಯಬೇಕು. ಸಾಲು ತಪ್ಪಿಸಿ ನುಗ್ಗುವುದು ‘ಎತುಯಿಲ್ಲ’. ಅವಕಾಶವನ್ನು ಹಾರಿ ಹಿಡಿಯುವುದು ‘ತರ್ತ್ತುಅ ತಿಲಯ್ಸೂತೇನ್’, ಅಂದರೆ ಅವಕಾಶವನ್ನು ಕೈಯಲ್ಲಿ ಹಿಡಿ. ಓಟದಲ್ಲಿ ಗುಂಡು ಸಿಡಿಯುವ ಮುನ್ನವೇ ಹೊರಡುವುದಕ್ಕೆ ‘ವರಸ್‌ಲ್ಯಾಹ್ತ್ಯೊ’, ಬಿಡಿಸಿದರೆ ಕಳ್ಳನ ಹೊರಡಾಟ. ಅವಸರಪಟ್ಟು ಕೆಲಸ ಶುರುಮಾಡಿದವರಿಗೂ ಇದೇ ಪದ ಸಲ್ಲುತ್ತದೆ. ಪ್ರಗತಿ ಭರದಿಂದ ಸಾಗಿದರೆ ‘ಹರ್ಪ್ಪೌಕ್ಸಿನ್’, ದಾಪುಗಾಲಿನಲ್ಲಿ. ಬ್ರಿಟಿಷರ ‘ಜಂಪರ್’ ಉಣ್ಣೆಯ ಅಂಗಿಯಾದ್ದರಿಂದ ‘ವಿಲ್ಲಪಯ್ತ’. ‘ಜಂಪ್‌ಸೂಟ್’ ಎಂಬುದು ‘ಹಾಲರಿ’. ಅಧಿಕ ವರ್ಷದ ಇಂಗ್ಲಿಷ್ ಹೆಸರಿನಲ್ಲಿ ‘ಲೀಪ್’ ಇದೆ. ಫಿನ್ನಿಶ್‌ನಲ್ಲಿ ಅದು ‘ಕರ್ಕೌಸ್‌ವುಒಸಿ’. ‘ಕರತ’ ಎಂದರೆ ತಪ್ಪಿಸಿಕೊಂಡು ಓಡು.

ಮೊಬೈಲು, ಜಾಲತಾಣಗಳ ಗುಂಡಿಗಳಿಗೆ ಬೇರೆ ಲೆಕ್ಕ. ‘ಸ್ಕಿಪ್’ ಗುಂಡಿಗೆ ‘ಒಹಿತ’, ‘ಜಂಪ್ ಟು ಪೇಜ್’ಗೆ ‘ಸೀರ್ರ್ಯು ಸಿವುಲ್ಲೆ’. ಶಾಲೆ ತಪ್ಪಿಸುವ ‘ಸ್ಕಿಪ್’ ಆಡುಮಾತಿನ ‘ಲಿಂತ್ಸತ’.

ಇದಕ್ಕೆ ಎದುರಾಗಿ, ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರವಾದ ಮಾತುಗಳೂ ಇವೆ. ಭಯಕ್ಕೆ ಜೀವ ಬಾಯಿಗೆ ಬಂತು ಎನ್ನುತ್ತೇವೆ. ಫಿನ್ನರಿಗೆ ಹೃದಯ ಗಂಟಲಿಗೆ ಜಿಗಿಯುತ್ತದೆ: ‘ಸ್ಯುದ್ಯಾನ್ ಹ್ಯುಪ್ಪ್ಯಾಸಿ ಕುರ್ಕ್ಕೂನ್’. ‘ಅವನು ಬಾವಿಗೆ ಹಾರಿದರೆ ನೀನೂ ಹಾರ್ತೀಯಾ?’ ಎಂದು ನಮ್ಮ ಅಮ್ಮಂದಿರು ಗದರಿದಂತೆ ಅಲ್ಲಿನ ಅಮ್ಮಂದಿರೂ ಬಾವಿಯನ್ನೇ ತೋರಿಸುತ್ತಾರೆ, ‘ಹ್ಯುಪ್ಯಾತ್ಯಾ ಕಯ್ವೋನ್’. ಇಂಗ್ಲಿಷ್ ಮೂಲದಲ್ಲಿ ಸೇತುವೆಯಿಂದ ಹಾರುವ ಮಾತಿದ್ದರೂ ಬಾವಿಯನ್ನೇ ಬರೆಯಿರಿ, ಕೇಳುವವರಿಗೆ ಮನೆಯ ಮಾತಾಗುತ್ತದೆ. ಬೇಸರಕ್ಕೆ ತಲೆ ಕೆಟ್ಟರೆ ಅವರು ಗೋಡೆಗಳಿಗೆ ಜಿಗಿಯುತ್ತಾರೆ, ‘ಹ್ಯುಪ್ಪಿಆ್ಯ ಸೆಯ್ನಿಲ್ಲೆ’. ಸಲಿಗೆ ಕೊಟ್ಟರೆ ತಲೆ ಮೇಲೆ ಕೂತರು ಎನ್ನುವ ಕಡೆ, ಕಣ್ಣಿನ ಮೇಲೆ ಜಿಗಿದರು ಎನ್ನುತ್ತಾರೆ: ‘ಹ್ಯುಪ್ಪಿಆ್ಯ ಸಿಲ್ಮಿಲ್ಲೆ’.

ಪದವೇ ಮೋಸ ಮಾಡುವ ಕಡೆಗಳೂ ಎರಡಿವೆ. ‘ಹ್ಯುಪ್ಪ್ಯುತುಂತಿ’ ಎಂದರೆ ಜಿಗಿತದ ತರಗತಿಯಲ್ಲ, ಶಾಲೆಯಲ್ಲಿ ಎರಡು ಪಾಠಗಳ ನಡುವೆ ಸಿಗುವ ಖಾಲಿ ಅವಧಿ. ಅಡುಗೆ ಪುಸ್ತಕದ ‘ಹ್ಯುಪ್ಪ್ಯುಸೆಲ್ಲಿನೆನ್ ಸುಒಲಾ’ ಎಂದರೆ ಒಂದು ಚಿಟಿಕೆ ಉಪ್ಪು. ‘ಹ್ಯುಪ್ಪ್ಯುಸೆತ್’ ಎಂದರೆ ಬೆರಳ ತುದಿಗಳು.

ಹೆಜ್ಜೆ 8: ತಾಳೆ ನೋಡಿ

ಫಿನ್‌ಲೆಂಡಿನ ಭಾಷಾ ಸಂಸ್ಥೆ ‘ಕೊತುಸ್’ ನಡೆಸುವ ‘ಕಿಯೆಲಿತೊಯ್ಮಿಸ್ತೊನ್ ಸನಕಿರ್ಯ’ ನಿಘಂಟು ಜಾಲದಲ್ಲಿ ಉಚಿತ. ಅರ್ಥ ಫಿನ್ನಿಶ್‌ನಲ್ಲೇ ಇರುತ್ತದೆ, ಜೊತೆಗೆ ಉದಾಹರಣೆ ವಾಕ್ಯ. ಪ್ರತಿ ಕ್ರಿಯಾಪದದ ಪಕ್ಕ ರೂಪಾವಳಿಯ ಸಂಖ್ಯೆ ಕೊಟ್ಟಿರುತ್ತಾರೆ: ‘ಹ್ಯುಪ್ಯಾತ್ಯಾ’ 73, ‘ಹ್ಯುಪ್ಪಿಆ್ಯ’ 61, ‘ಹ್ಯುಪೆಲ್ಲ್ಯಾ’ 67, ‘ಹ್ಯುಪ್ಯಾಹ್ತ್ಯಾಽ’ 53. ಸಂಖ್ಯೆ ಹಿಡಿದು ಪಟ್ಟಿ ನೋಡಿದರೆ ಪಕಾರದ ಗೊಂದಲ ಉಳಿಯುವುದಿಲ್ಲ. ಪದ ಪಕ್ಕದ ಪದದೊಂದಿಗೆ ಹೊಂದುತ್ತದೆಯೇ ಎಂಬ ಅನುಮಾನ ಬಂದರೆ ಫಿನ್‌ಲೆಂಡಿನ ಭಾಷಾ ಬ್ಯಾಂಕಿನ ‘ಕೊರ್ಪ್’ ಎಂಬ ಪಠ್ಯಸಂಗ್ರಹದಲ್ಲಿ ಹುಡುಕಿ, ಪತ್ರಿಕೆ ಪುಸ್ತಕಗಳ ನಿಜವಾದ ವಾಕ್ಯಗಳು ಸಿಗುತ್ತವೆ.

ಕೊನೆಗೆ ಐದು ವಾಕ್ಯ ಒಟ್ಟಿಗೆ ಮಾಡಿ ನೋಡೋಣ. ಐದರಲ್ಲೂ ಇಂಗ್ಲಿಷಿನವರು ‘ಜಂಪ್’ ಎಂದೇ ಬರೆಯುತ್ತಾರೆ ಎಂದಿಟ್ಟುಕೊಳ್ಳಿ.

ಮಿಯಾ ಬಸ್ಸಿನಿಂದ ಜಿಗಿದಳು: ‘ಮಿಅ ಹ್ಯುಪ್ಪ್ಯಾಸಿ ಬುಸ್ಸಿಸ್ತ’. ಒಂದೇ ಸಲ, ಒಳಗಿಂದ ಹೊರಗೆ.

ನಾಯಿ ಅವಳ ಸುತ್ತ ಹಾರಾಡಿತು: ‘ಕೊಯ್ರ ಹ್ಯುಪ್ಪಿ ಹ್ಯಾನೆನ್ ಯುಂಪ್ಯಾರಿಲ್ಲ್ಯಾಽನ್’. ಲೆಕ್ಕವಿಲ್ಲದ ಜಿಗಿತ.

ಅವಳು ನೀರಿನ ಗುಂಡಿ ಹಾರಿದಳು: ‘ಹ್ಯಾನ್ ಹ್ಯುಪ್ಪ್ಯಾಸಿ ಲ್ಯಾತ್ಯಾಕ್ಯೊನ್ ಯುಲಿ’. ಗುಂಡಿ ಅಗಲವಾಗಿದ್ದರೆ ‘ಲೊಯ್ಕ್ಕಸಿ’ ಇನ್ನೂ ಚೆನ್ನ.

ಫೋನ್ ಸದ್ದಿಗೆ ಅವಳು ಬೆಚ್ಚಿದಳು: ‘ಹ್ಯಾನ್ ಸ್ಯಾಪ್ಸ್ಯಾಹ್ತಿ, ಕುನ್ ಪುಹೆಲಿನ್ ಸೊಯ್’.

ಟಿಕೆಟ್ ದರ ಮತ್ತೆ ಜಿಗಿದಿತ್ತು: ‘ಲಿಪ್ಪುಯೆನ್ ಹಿನ್ನತ್ ಒಲಿವತ್ ತಾಸ್ ಪೊಂಪನ್ನೇತ್’. ಕತೆಯಲ್ಲೋ ಪತ್ರಿಕೆಯ ಹಗುರ ಬರಹದಲ್ಲೋ ಇದು ಸರಿ. ಕಂಪನಿಯ ವಾರ್ಷಿಕ ವರದಿಗಾದರೆ ದರ ಪುಟಿಯುವುದಿಲ್ಲ, ಏರುತ್ತದೆ. ಅಲ್ಲಿ ‘ನೊಉಸ್ಸೇತ್’ ಎಂದು ಬರೆಯಿರಿ.